ಇರುವಾಗಲೇ ಕಂಡವರು

ನಮ್ಮ ಮನೆಯಲ್ಲಿದ್ದ 'ಗ್ರಾಮಾಯಣ'ದ ಪ್ರತಿಗೆ ಮುಖಪುಟ ಇರಲಿಲ್ಲ. ಕೊನೆಯ ಕೆಲವು ಹಾಳೆಗಳೂ ಇರಲಿಲ್ಲ. ಸಾವಳಗಿಯ ನಮ್ಮ ಓಣಿಯೊಳಗೆ ಅದು ಕೈಯಿಂದ ಕೈಗೆ ಹೋಗುತ್ತಿತ್ತು, ತಿಂಗಳುಗಟ್ಟಲೆ ಕಾಣದಾಗುತ್ತಿತ್ತು, ಮರಳಿ ಬಂದಾಗ ಮೊದಲಿಗಿಂತ ತುಸು ತೆಳ್ಳಗಾಗಿರುತ್ತಿತ್ತು. ಯಾರದೋ ಪೆನ್ಸಿಲ್ಲಿನ ಗೆರೆ, ಯಾರದೋ ಎಣ್ಣೆಗೈಯ ಕಲೆ, ಗುರುತಿಗೆಂದು ಇಟ್ಟು ಮರೆತ ಯಾವುದೋ ಬಸ್ಸಿನ ಟಿಕೇಟು ಅದರೊಳಗೆ ಸೇರಿಕೊಂಡಿದ್ದವು. ಮೇಲ್ಮುದ್ದಿಯ ಮಣ್ಣಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ ವರ್ಷ ಗೂಡುಗಳಲ್ಲಿದ್ದ ಸಾಮಾನೆಲ್ಲ ಅಂಗಳಕ್ಕೆ ಬಿತ್ತು. ಆ ಗದ್ದಲದಲ್ಲಿ ಪುಸ್ತಕ ಎತ್ತ ಹೋಯಿತೋ ಯಾರೂ ಅರಿಯರು.

ಹೋದದ್ದು ಏನು ಎಂದು ಕೇಳಿಕೊಂಡರೆ ಉತ್ತರ ಸುಲಭವಿಲ್ಲ. ಕೃತಿಯೇನೂ ಅಳಿದಿಲ್ಲ. 1957ರಲ್ಲಿ ಬಂದ ರಾವಬಹಾದ್ದೂರರ ಆ ಕಾದಂಬರಿ ಮತ್ತೆ ಮುದ್ರಣ ಕಂಡಿದೆ, ಹೊಸ ಪ್ರತಿಯಲ್ಲಿ ಕೊನೆಯ ಹಾಳೆಗಳೂ ಇವೆ. ಆದರೂ ಹೊಸ ಪ್ರತಿ ಕೈಗೆ ಬಂದಾಗ ಹಳೆಯದರ ಕೊರತೆ ತುಂಬಲಿಲ್ಲ. ಅಕ್ಷರ ಮರಳಿತು, ಅದನ್ನು ಓದಿದ ಓಣಿ ಮರಳಲಿಲ್ಲ. ಅಳಿವಿಗೂ ಹಲವು ಪದರಗಳಿವೆ ಎಂದು ಆಗ ತೋರಿತು: ಒಂದು ಪದರ ಅಂಗಡಿಯಲ್ಲಿ ಸಿಗುತ್ತದೆ, ಇನ್ನೊಂದು ಎಲ್ಲಿಯೂ ಸಿಗುವುದಿಲ್ಲ.

ಪೂರ್ತಿ ಅಳಿದ ಪುಸ್ತಕಗಳನ್ನೂ ನಮ್ಮ ಸೀಮೆ ಕಂಡಿದೆ. ನೆರೆಯ ಮುಧೋಳದಲ್ಲಿ ಹುಟ್ಟಿದ ರನ್ನ, ಬಳೆಗಾರರ ಮನೆಯ ಮಗ, 'ಪರಶುರಾಮ ಚರಿತ' ಮತ್ತು 'ಚಕ್ರೇಶ್ವರ ಚರಿತ' ಎಂಬ ಕಾವ್ಯಗಳನ್ನು ಬರೆದ. ಇಂದು ಅವುಗಳ ಹೆಸರು ಮಾತ್ರ ಇದೆ. 993ರ 'ಅಜಿತಪುರಾಣ' ಉಳಿಯಿತು, 'ಗದಾಯುದ್ಧ' ಉಳಿಯಿತು. ಅವನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬುದು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಸಾವಿರ ಸಲ ಯಾರೋ ಕೂತು ಕಂಠ ಹಿಡಿದು ಕೊರೆದದ್ದು. ಓಲೆ ಅಳಿಯುವಂಥದ್ದು ಎಂದು ಅರಿತವಳೇ ಸಾವಿರ ಮಾಡಿಸಿಯಾಳು. ಒಂದೇ ಸಾಕು ಎಂದುಕೊಂಡವರ ಓಲೆ ಹುಳುವಿನ ಪಾಲಾಯಿತು. ಆದರೂ ಅಳಿದ ಆ ಎರಡು ಕಾವ್ಯಗಳನ್ನು ಒಂದು ಕಾಲಕ್ಕೆ ಯಾರೋ ಬಾಯಿಪಾಠ ಮಾಡಿದ್ದಿರಬೇಕು, ಯಾರೋ ಉಳಿದೆಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದಿರಬೇಕು. ಆ ಮೆಚ್ಚುಗೆ ವ್ಯರ್ಥವಾಯಿತೆ? ಓದಿನ ಸುಖಕ್ಕೆ ಓಲೆಯಷ್ಟೇ ಆಯುಷ್ಯವೆ? ನನ್ನ ಓದಿನ ಕುರಿತು ನಾನು ಕೇಳಬೇಕಾದದ್ದೂ ಇದನ್ನೇ.

ನನಗೆ ಪುಸ್ತಕದ ರುಚಿ ಹತ್ತಿಸಿದವರು ದೂರದವರಲ್ಲ. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ಸಂಸಾರದ ಕಾದಂಬರಿಗಳು ಮೊದಲ ಮೆಟ್ಟಿಲು. ಅವರ ಕಥೆಗಳು 'ಕುಲವಧು', 'ಸನಾದಿ ಅಪ್ಪಣ್ಣ' ಎಂದು ತೆರೆಗೆ ಬಂದದ್ದರಿಂದ ಅಕ್ಷರ ಬಾರದವರಿಗೂ ಅವರು ಗೊತ್ತಿದ್ದರು. ಅತ್ತು ಹಗುರಾಗಲು ಆ ಪುಸ್ತಕಗಳು ಸಾಕಿದ್ದವು. ನಿಂತು ನೋಡಲು ಕಲಿಸಿದವು ಬೇರೆ. ಗೋಕಾಕ ಸೀಮೆಯ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ 'ಮಾಡಿ ಮಡಿದವರು' ಸ್ವಾತಂತ್ರ್ಯದ ಹೋರಾಟವನ್ನು ಹಳ್ಳಿಯ ಹುಡುಗರ ಬೆವರಿನಲ್ಲಿ ತೋರಿಸಿತು. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಜೈನ ಒಕ್ಕಲು ಮನೆತನದ ಒಳಮನೆಯನ್ನು ಗಡಿಭಾಗದ ಮಾತಿನಲ್ಲೇ ತೆರೆಯಿತು. ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ' ಧಾರವಾಡದ ಒಬ್ಬ ತಾಯಿಯ ಹಟ, ಆಸೆ, ದಣಿವುಗಳನ್ನು ಅಳೆಯಿತು. ಇವೆಲ್ಲದರ ಮೇಲೆ 'ಗ್ರಾಮಾಯಣ'. ಅದನ್ನು ಬರೆದವರು ಇಲ್ಲಿಯೇ ಜಮಖಂಡಿ ಸೀಮೆಯ ಹಿರೇಪಡಸಲಗಿಯವರು. ಅದರಲ್ಲಿ ನಾಯಕನನ್ನು ಹುಡುಕಿದರೆ ಸಿಗುವುದು ಪಾದಳ್ಳಿ ಎಂಬ ಊರು; ಬಾಳುವುದು ಊರು, ಕೆಡುವುದೂ ಊರು.

ಇಂಥ ಪುಸ್ತಕಗಳನ್ನು ಗಟ್ಟಿಯಾಗಿ ಓದುವ ರೂಢಿ ಆಗ ಇತ್ತು. ಸಂಜೆ ಪಡಸಾಲೆಯಲ್ಲಿ ನಾನು ಓದಿದರೆ ಆಯಿ ಕಾಳು ಹಸನು ಮಾಡುತ್ತ ಕೇಳುತ್ತಿದ್ದಳು. ಒಂದು ಸಲ ಓದು ನಿಲ್ಲಿಸಿ ಕೇಳಿದಳು: "ಇದರಾಗ ಹೊಸಾದೇನೈತೋ ತಮ್ಮಾ? ನಮ್ಮ ಓಣ್ಯಾಗಿನ ಮಾತs ಬರದಾನ. ಇದಕ್ಕೂ ರೊಕ್ಕಾ ಕೊಡತಾರೇನು?" ನಾನು ನಕ್ಕೆ, ಮುಂದಕ್ಕೆ ಓದಿದೆ. ಅವಳ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಬಾವಿಯ ದಂಡೆಯಲ್ಲಿ ಕುಳಿತವರಿಗೆ ನೀರು ಮಾರುವವನನ್ನು ಕಂಡಂತೆ ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನಿತ್ತು?

ಈಗ ಆ ಓಣಿಯ ಮಾತು ಓಣಿಯಲ್ಲಿ ಇಲ್ಲ. ಜೋಳ ತುಂಬುತ್ತಿದ್ದ ಹಗೇವುಗಳು ಮುಚ್ಚಿದವು. ಕಣದಲ್ಲಿ ಮೇಟಿಯ ಸುತ್ತ ದನ ತಿರುಗಿಸುತ್ತ ರಾತ್ರಿಯೆಲ್ಲ ಹೇಳುತ್ತಿದ್ದ ಹಂತಿಯ ಪದಗಳು ಮಶೀನಿನ ಸದ್ದಿಗೆ ಸರಿದು ನಿಂತವು. 1989ರಲ್ಲಿ ಈ ಸೀಮೆಯ ರೈತರೇ ಹಣ ಕೂಡಿಸಿ, ಮೈ ಬಗ್ಗಿಸಿ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರು ನಿಂತಿತು, ನೀರಿನ ಹಿಂದೆ ಕಬ್ಬು ಬಂತು. ಬಿಳಿಜೋಳ ತೂಗುತ್ತಿದ್ದ ಎರಿಭೂಮಿಯಲ್ಲಿ ಇಂದು ಕಬ್ಬಿನ ಗರಿ, ದ್ರಾಕ್ಷಿಯ ಪಡ. ಇದನ್ನು ನಷ್ಟವೆಂದು ಕರೆಯುವ ಧೈರ್ಯ ನನಗಿಲ್ಲ. ಬ್ಯಾಸಗಿಯಲ್ಲಿ ಕೊಡ ಹೊತ್ತು ಮೈಲು ನಡೆದವರು ಯಾರೂ ಹಳೆಯ ಬರವನ್ನು ನೆನೆದು ಮರುಗುವುದಿಲ್ಲ. ಆದರೆ ಪಡೆದದ್ದರ ಲೆಕ್ಕ ಬರೆದ ಕೈ ಬಿಟ್ಟದ್ದರ ಲೆಕ್ಕವನ್ನೂ ಬರೆಯಬೇಕಷ್ಟೆ. ನಾವು ಅದನ್ನು ಬರೆಯುವುದಿಲ್ಲ.

ಕೆಳಗಡೆ ಆಲಮಟ್ಟಿಯ ಹಿನ್ನೀರು ಇದೇ ಲೆಕ್ಕವನ್ನು ಬಹಿರಂಗವಾಗಿ ಬರೆದಿದೆ. ಹಳೆಯ ಬಾಗಲಕೋಟೆಯ ಪೇಟೆ ಓಣಿಗಳು ಅದರಡಿಗೆ ಹೋದವು, ಬೀಳಗಿ ತಾಲ್ಲೂಕಿನ ಹಳ್ಳಿಗಳು ಎದ್ದು ಬೇರೆಡೆ ಕೂತವು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಐದು ಮೀಟರಿಗೂ ಕಡಿಮೆಯ ಆ ಅಂತರದಲ್ಲಿ ಎಷ್ಟೋ ಅಗಸಿಗಳು, ಗುಡಿಗಳು, ಗೋರಿಗಳು ಇವೆ. ಮುಳುಗುವ ಊರಿಗೆ ಪರಿಹಾರವುಂಟು, ಪುನರ್ವಸತಿಯುಂಟು, ಅಳಲು ಒಂದು ದಿನವುಂಟು. ಸುಖದಿಂದಲೇ ಸವೆದು ಹೋಗುವ ಊರಿಗೆ ಇವಾವವೂ ಇಲ್ಲ. ಮುಳುಗಿದ್ದು ಎಲ್ಲರಿಗೂ ಕಾಣುತ್ತದೆ, ಸವೆದದ್ದು ಸವೆದವರಿಗೂ ಕಾಣುವುದಿಲ್ಲ.

ಆಯಿಗೆ ಈಗ ಉತ್ತರ ಕೊಡಬಹುದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. 'ನೋಡು, ಓಣಿ ಹೋಯಿತು, ಪುಸ್ತಕ ಉಳಿಯಿತು. ರೊಕ್ಕ ಕೊಟ್ಟದ್ದು ಇದಕ್ಕೆ' ಎನ್ನಬಹುದು. ಈ ಉತ್ತರ ಅರ್ಧ ಮಾತ್ರ ನಿಜ. ಕಾದಂಬರಿಯನ್ನು ಹಳೆಯ ಸಾಮಾನಿನ ಉಗ್ರಾಣ ಮಾಡಿದರೆ ಅದಕ್ಕೆ ಅನ್ಯಾಯ. 'ಗ್ರಾಮಾಯಣ' ಊರನ್ನು ಹಾಡಿ ಹೊಗಳಿದ ಪುಸ್ತಕವಲ್ಲ. ಅಲ್ಲಿ ಹೊಟ್ಟೆಕಿಚ್ಚು ಇದೆ, ಅಧಿಕಾರದ ಆಸೆ ಇದೆ, ನೆರೆಮನೆಯ ಕೇಡಿನಲ್ಲಿ ತನ್ನ ಏಳಿಗೆ ಕಾಣುವ ಸಣ್ಣತನ ಇದೆ. ಶಿವರಾಮ ಕಾರಂತರ 1933ರ 'ಚೋಮನ ದುಡಿ'ಯನ್ನು ಓದಿದವರು ಹಳೆಯದೆಲ್ಲ ಚೆಂದವಿತ್ತು ಎಂದು ಹೇಳಲಾರರು. ಮನೆಯಲ್ಲಿ ಎತ್ತಿದ್ದೂ ಉಳಲು ತನ್ನದೆಂಬ ನೆಲ ಸಿಗದ ಚೋಮನ ಆ ಲೋಕ ಅಳಿಯಬೇಕಾದದ್ದೇ, ಅದೂ ಇನ್ನೂ ಪೂರ್ತಿ ಅಳಿದಿಲ್ಲ. ನೆನಪು ಮುಳ್ಳನ್ನು ಕಿತ್ತು ಹೂವನ್ನು ಇಟ್ಟುಕೊಳ್ಳುತ್ತದೆ. ಇಂಥ ಕಾದಂಬರಿ ಎರಡನ್ನೂ ಇಟ್ಟುಕೊಳ್ಳುತ್ತದೆ. ಆದ್ದರಿಂದ ನಾವು ಕಳೆದುಕೊಂಡದ್ದರ ತೂಕ ತಿಳಿಯಲು ನೆನಪಿಗಿಂತ ಅದೇ ನಂಬುಗೆಯ ತಕ್ಕಡಿ.

ಇನ್ನರ್ಧ ನಿಜ ಬೇರೆ ಕಡೆ ಇದೆ. ವಸ್ತು ಹೋದ ಮೇಲೆ ಅದಕ್ಕೆ ಬೆಲೆ ಕಟ್ಟುವುದು ಎಲ್ಲರಿಗೂ ಬರುತ್ತದೆ. ತಾಯಿ ತೀರಿದ ಮೇಲೆ ತಾಯಿಯ ದನಿ, ಮರ ಬಿದ್ದ ಮೇಲೆ ಮರದ ನೆರಳು. ಬೆಲೆಯನ್ನು ಹುಟ್ಟಿಸುವುದು ಅಗಲಿಕೆಯೇ ಆಗಿದ್ದರೆ, ಕಳೆದುಕೊಳ್ಳದೆ ಏನನ್ನೂ ಪ್ರೀತಿಸಲಾಗದು ಎಂದಾಗುತ್ತಿತ್ತು. ಈ ಕಾದಂಬರಿಕಾರರು ಅದನ್ನು ಸುಳ್ಳು ಮಾಡಿದರು. ಅವರು ಬರೆಯುವಾಗ ಹಗೇವಿನಲ್ಲಿ ಜೋಳವಿತ್ತು, ಕಣದಲ್ಲಿ ಹಂತಿಯಿತ್ತು, ಅಗಸಿಯ ಕಟ್ಟೆಯ ಮೇಲೆ ಕುಳಿತು ಹರಟುವವರಿದ್ದರು. ಯಾರೂ ಅದನ್ನು ಅಪರೂಪವೆಂದು ತಿಳಿದಿರಲಿಲ್ಲ. ಸುತ್ತಲೂ ಧಾರಾಳವಾಗಿದ್ದ ಬದುಕನ್ನು ನಾಳೆ ಸಿಗದೆಂಬಷ್ಟು ನಿಷ್ಠೆಯಿಂದ ನೋಡಿದ್ದು ಅವರ ದೊಡ್ಡಸ್ತಿಕೆ. ಆಯಿ ಕೇಳಿದ 'ಹೊಸಾದು' ಇದೇ: ಓಣಿ ಹಳೆಯದು, ಅದನ್ನು ನೋಡಿದ ಕಣ್ಣು ಹೊಸದು.

ಆ ಪುಸ್ತಕಗಳಿಗೂ ವಯಸ್ಸಾಗುತ್ತಿದೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರ ಬಲದ ಮೇಲೆ ಪುಸ್ತಕ ತಂದಿತು. ಅಂಚೆಯಲ್ಲಿ ಬರುವ ಕಾದಂಬರಿಗಾಗಿ ಹಳ್ಳಿಯ ಮೇಷ್ಟ್ರುಗಳು ದಾರಿ ಕಾಯುತ್ತಿದ್ದ ಕಾಲವದು. ಇಂದು ನಮ್ಮೂರ ಹುಡುಗನಿಗೆ ಅದೇ ಪುಟ ಕೊಟ್ಟರೆ ಹಗೇವು ಎಂದರೇನು, ಮೇಟಿ ಎಂದರೇನು ಎಂದು ಕೇಳುತ್ತಾನೆ. ತನ್ನ ಮುತ್ತಜ್ಜನ ಮಾತಿಗೆ ಅವನಿಗೆ ಅರ್ಥಕೋಶ ಬೇಕು. ಓದುಗನೂ ಸ್ಥಿರನಲ್ಲ. ಹದಿನೈದರಲ್ಲಿ ಕಥೆಗಾಗಿ ಓದಿದವನು ಐವತ್ತರಲ್ಲಿ ಅದೇ ಪುಟ ತೆರೆದರೆ, ಬೇರೊಬ್ಬನು ಬೇರೊಂದು ಪುಸ್ತಕ ಓದಿದಂತೆ. ಊರು ಹೋಯಿತು, ಪ್ರತಿ ಹೋಯಿತು, ಓದಿದ ಹುಡುಗನೂ ಹೋದ. ಹೋಗದೆ ಉಳಿದದ್ದು ಒಂದು ಅಭ್ಯಾಸ: ಎದುರಿಗಿದ್ದುದರ ಮೇಲೆ ಕಣ್ಣು ನಿಲ್ಲಿಸುವ ಅಭ್ಯಾಸ. ರನ್ನನ ಕಳೆದ ಕಾವ್ಯಗಳು ತಮ್ಮ ಓದುಗರಿಗೆ ಇದನ್ನು ಕೊಟ್ಟಿದ್ದರೆ, ಅವುಗಳನ್ನು ಮೆಚ್ಚಿದ ಮೆಚ್ಚುಗೆ ವ್ಯರ್ಥವಾಗಿಲ್ಲ. ಓಲೆ ಅಳಿದರೂ ಓಲೆ ತಿದ್ದಿದ ಮನಸ್ಸು ಮತ್ತೊಂದು ಮನಸ್ಸನ್ನು ತಿದ್ದಿಯೇ ಹೋಗಿರುತ್ತದೆ. ಅದರ ಮೇಲೆ ಮೂಲದ ಹೆಸರು ಇರುವುದಿಲ್ಲ, ಅಷ್ಟೆ.

ಹಾಗಿದ್ದರೆ ಹಳೆಯ ಪಾದಳ್ಳಿಗಾಗಿ ಮರುಗುತ್ತ ಕೂತರೆ ಆ ಪುಸ್ತಕ ಕಲಿಸಿದ್ದನ್ನು ಮರೆತಂತೆಯೇ. ಇಂದಿನ ಸಾವಳಗಿಯೂ ಹೋಗುತ್ತಿರುವ ಊರೇ. ಕಬ್ಬು ಕಡಿಯಲು ಬಂದು ಹೊಲದಂಚಿಗೆ ಜೋಪಡಿ ಹಾಕುವ ಗ್ಯಾಂಗಿನವರು, ಮಳೆಯ ಮೋಡ ಕಂಡೊಡನೆ ದ್ರಾಕ್ಷಿ ಪಡಕ್ಕೆ ಔಷಧ ಹೊಡೆಯಲು ಓಡುವ ರೈತ, ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಹಿಡಿದು ಕೆಲಸದ ಕರೆಗೆ ಕಾಯುವ ಹುಡುಗರು ನಮಗೆ ಧಾರಾಳವಾಗಿ ಕಾಣುತ್ತಾರೆ, ಆದ್ದರಿಂದಲೇ ಅಗ್ಗವಾಗಿ ಕಾಣುತ್ತಾರೆ. ಇನ್ನೈವತ್ತು ವರ್ಷಕ್ಕೆ ಯಾರೋ ಇವರನ್ನೂ ನೆನೆದು ನಿಟ್ಟುಸಿರು ಬಿಟ್ಟಾರು. ಆ ನಿಟ್ಟುಸಿರಿಗಿಂತ ಇಂದಿನ ಒಂದು ಸರಿಯಾದ ನೋಟ ದೊಡ್ಡದು. ರಾವಬಹಾದ್ದೂರರು ತಮ್ಮ ಪಾಲಿನ ಊರನ್ನು ನೋಡಿ ಮುಗಿಸಿದರು; ನಮ್ಮ ಪಾಲಿನದನ್ನು ಅವರು ನೋಡಿಕೊಡಲಾರರು.