ಗೇಜಿನ ಮುಳ್ಳೂ ಪ್ರಾಮಾಣ್ಯವಾದವೂ

ಜಪಾನಿನ ನಿಸಾನ್ ಕಂಪೆನಿ 1989ರಲ್ಲಿ ಹೊರತಂದ ಸ್ಕೈಲೈನ್ ಜಿಟಿ-ಆರ್ ಕಾರು, ಆ ದೇಶದ ತಯಾರಕರು ತಮ್ಮತಮ್ಮೊಳಗೆ ಮಾಡಿಕೊಂಡಿದ್ದ ಒಡಂಬಡಿಕೆಗನುಸಾರವಾಗಿ, ಕಾಗದದ ಮೇಲೆ 280 ಅಶ್ವಶಕ್ತಿಯನ್ನು ಮೀರಲಿಲ್ಲ. ಆದರೆ ಅದರ 2.6 ಲೀಟರಿನ, ಆರು ಸಿಲಿಂಡರುಗಳ, ಎರಡು ಟರ್ಬೊಗಳ ಎಂಜಿನ್ನಿನಲ್ಲಿ ಅದಕ್ಕಿಂತ ಬಹಳ ಮಿಗಿಲಾದ ಸತ್ತ್ವ ಅಡಗಿದೆಯೆಂಬುದನ್ನು ಕೊಂಡವರು ಬೇಗನೆ ಕಂಡುಕೊಂಡರು. ಟರ್ಬೊ ತುಂಬುವ ಗಾಳಿಯನ್ನು ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚಬೇಕು. ಪೆಟ್ರೋಲು ಸಾಲದೆ ಹೋದಲ್ಲಿ ಮಿಶ್ರಣವು ಸಮವಾಗಿ ಉರಿಯುವುದರ ಬದಲು ಸಿಡಿದು, ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಕೆಲವೇ ಕ್ಷಣಗಳಲ್ಲಿ ಕರಗಿ ತೂತಾಗುವುದುಂಟು. ಆದುದರಿಂದ ಇಂತಹ ಕಾರನ್ನು ಮಾರ್ಪಡಿಸಿದವನು ಇಂಧನದ ಒತ್ತಡವನ್ನು ತೋರಿಸುವ ಗೇಜೊಂದನ್ನು ಕೂರಿಸಲು ಹವಣಿಸುತ್ತಾನೆ. ಯಾವ ಗೇಜನ್ನು ಕೊಳ್ಳಬೇಕೆಂಬ ಅವನ ಪ್ರಶ್ನೆ ಅಂಗಡಿಯ ಪ್ರಶ್ನೆಯಂತೆ ತೋರಿದರೂ, ಅರಿವನ್ನು ಕೊಡುವ ಸಾಧನವು ನಂಬತಕ್ಕದ್ದೆಂದು ಅರಿಯುವುದು ಹೇಗೆ ಎಂದು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಪ್ರಾಮಾಣ್ಯದ ಪ್ರಶ್ನೆಯೇ ಅದರ ಬುಡದಲ್ಲಿದೆ.

ಮುಳ್ಳು ಹೇಳುವುದೇನೆಂಬುದನ್ನು ಮೊದಲು ವಿಚಾರಿಸೋಣ. ಇಂಜೆಕ್ಟರಿನ ಸೂಕ್ಷ್ಮ ರಂಧ್ರದಿಂದ ಚಿಮ್ಮುವ ಪೆಟ್ರೋಲು ಎಷ್ಟೆಂಬುದನ್ನು ನಿರ್ಣಯಿಸುವುದು ಕೊಳವೆಯೊಳಗಿನ ಒತ್ತಡವಲ್ಲ. ಆ ಒತ್ತಡಕ್ಕೂ, ರಂಧ್ರದ ಆಚೆ, ಸಿಲಿಂಡರುಗಳಿಗೆ ಗಾಳಿಯನ್ನು ಹಂಚುವ ಮ್ಯಾನಿಫೋಲ್ಡಿನೊಳಗಿರುವ ಗಾಳಿಯ ಒತ್ತಡಕ್ಕೂ ನಡುವಣ ಅಂತರ. ಈ ಅಂತರವನ್ನು ಸಾಮಾನ್ಯವಾಗಿ ಸುಮಾರು 3 ಬಾರಿನಲ್ಲಿ (ಬಾರ್ ಎಂಬುದು ಒತ್ತಡದ ಮಾನ) ಸ್ಥಿರವಾಗಿ ನಿಲ್ಲಿಸುವುದಕ್ಕಾಗಿ ಮ್ಯಾನಿಫೋಲ್ಡಿನಿಂದ, ಇಂಧನದ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿಗೆ ಒಂದು ರಬ್ಬರು ನಳಿಗೆಯನ್ನು ಜೋಡಿಸಿರುತ್ತಾರೆ. ಗಾಡಿ ನಿಂತಿದ್ದು ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ, ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಗಾಳಿಗಿಂತ 0.6 ಬಾರಿನಷ್ಟು ಕಡಿಮೆಯಿದ್ದರೆ, ಮುಳ್ಳು 2.4ರ ಬಳಿ ನಿಂತಿರುತ್ತದೆ; ಆ ನಳಿಗೆಯನ್ನು ಕಿತ್ತು ಅದರ ಬಾಯನ್ನು ಬೆರಳಿನಿಂದ ಮುಚ್ಚಿದೊಡನೆ ಥಟ್ಟನೆ 3ಕ್ಕೆ ಏರುತ್ತದೆ; ಟರ್ಬೊ 1 ಬಾರ್ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡವನ್ನು, ಕೊಡುವ ಹೊತ್ತಿಗೆ ಅದು 4ನ್ನು ಮುಟ್ಟಿರಬೇಕು. ಈಗ ಪಂಪು ಸೋತು, ಇಲ್ಲವೆ ಫಿಲ್ಟರು ಕಟ್ಟಿಕೊಂಡು, ಮುಳ್ಳು 3.4ರಲ್ಲಿಯೇ ನಿಂತಿತೆನ್ನಿ. ನೋಡುವ ಕಣ್ಣಿಗೆ ಒತ್ತಡ ಏರಿಯೇ ಇದೆ. ಆದರೆ ಅಂತರ 2.4ಕ್ಕೆ ಇಳಿದಿದೆ, ಮತ್ತು ಹರಿವು ಅಂತರದ ವರ್ಗಮೂಲವನ್ನು ಅನುಸರಿಸುವುದರಿಂದ ಎಂಜಿನ್ನಿಗೆ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚೇ ಪೆಟ್ರೋಲು ಕೊರತೆಯಾಗಿದೆ. ಕಂಡದ್ದು ಒಂದು, ಆದದ್ದು ಇನ್ನೊಂದು. ಬೂಸ್ಟ್ ಎಷ್ಟು ಏರಿತೋ ಇಂಧನದ ಒತ್ತಡವೂ ಅಷ್ಟೇ ಏರತಕ್ಕದ್ದೆಂಬ ವ್ಯಾಪ್ತಿಯನ್ನು, ಅಂದರೆ ತಪ್ಪದ ನಂಟನ್ನು, ಮನಸ್ಸಿನಲ್ಲಿಟ್ಟುಕೊಂಡು ಎರಡು ಗೇಜುಗಳನ್ನು ಒಟ್ಟಿಗೆ ನೋಡಬಲ್ಲವನಿಗೆ ಮಾತ್ರ ಆ ಮುಳ್ಳು ಅರ್ಥವನ್ನು ಕೊಡುತ್ತದೆ. ಅದು ಪ್ರತ್ಯಕ್ಷದ ವೇಷದಲ್ಲಿರುವ ಅನುಮಾನ, ಅಂದರೆ ಹೇತುವೆಂಬ ಕುರುಹಿನಿಂದ ಊಹಿಸಿ ತಿಳಿದ ಅರಿವು. ಇಂಧನದ ಗೇಜೊಂದನ್ನೇ ಕೊಂಡು ಬೂಸ್ಟ್ ಗೇಜನ್ನು ಕೊಳ್ಳದವನು ಹೇತುವಿನ ಅರ್ಧವನ್ನು ಮಾತ್ರ ಕೊಂಡಂತಾಯಿತು.

ಇನ್ನು ಸಾಧನದ ದೋಷಗಳು. ಪ್ಯಾರಿಸ್ಸಿನ ಯೂಜೆನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ಯಾಂತ್ರಿಕ ಗೇಜಿನ ಹೃದಯವಾಗಿದೆ: ಚಪ್ಪಟೆಯಾಗಿ ಬಾಗಿದ ಲೋಹದ ನಳಿಗೆಯೊಳಕ್ಕೆ ಒತ್ತಡ ನುಗ್ಗಿದಾಗ ಅದು ನೆಟ್ಟಗಾಗಲು ಯತ್ನಿಸುತ್ತದೆ, ಆ ಯತ್ನವು ಹಲ್ಲುಚಕ್ರದ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ತಂತಿಯಿಲ್ಲ, ವಿದ್ಯುತ್ತಿಲ್ಲ, ಪೆಟ್ರೋಲು ತಾನೇ ಬಂದು ಮುಳ್ಳನ್ನು ನೂಕುತ್ತದೆ. ಆದರೆ ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಕೂರಿಸಬೇಕಾದರೆ ಒತ್ತಡದಲ್ಲಿರುವ ಪೆಟ್ರೋಲನ್ನು ಮನುಷ್ಯರು ಕುಳಿತಿರುವ ಜಾಗಕ್ಕೇ ತರಬೇಕಾಗುತ್ತದೆ, ಒಂದು ಬಿರುಕು ಸಾಕು ಅನಾಹುತಕ್ಕೆ. ಆದುದರಿಂದ ಬಲ್ಲವರು ನಡುವೆ ಪೆಟ್ರೋಲನ್ನು ತಡೆದು ಒತ್ತಡವನ್ನಷ್ಟೇ ಸಾಗಿಸುವ ಒಂದು ಪೊರೆಯನ್ನಿಡುತ್ತಾರೆ, ಇಲ್ಲವೆ ಗೇಜನ್ನು ಬಾನೆಟ್ಟಿನ ಕೆಳಗೇ ಬಿಡುತ್ತಾರೆ. ಅಲ್ಲಿ ಎಂಜಿನ್ನಿನ ಅದುರುವಿಕೆಗೆ ಮುಳ್ಳು ನಡುಗದಿರಲೆಂದು ಗ್ಲಿಸರಿನ್ ತುಂಬಿದ ಗೇಜನ್ನು ಹಾಕುವುದುಂಟು. ಗಾಜಿನ ಹಿಂದೆ ಒಂದು ಗುಳ್ಳೆ ಮೆಲ್ಲಗೆ ಓಲಾಡುತ್ತಿರುವ ಆ ಗೇಜು ನೋಡಲು ಬಲು ಗಂಭೀರ. ಆದರೆ ಎಂಜಿನ್ನಿನ ಶಾಖಕ್ಕೆ ಮೊಹರು ಮಾಡಿದ ಡಬ್ಬಿಯೊಳಗಿನ ಗ್ಲಿಸರಿನ್ ಹಿಗ್ಗಿ ಬೂರ್ಡನ್ ನಳಿಗೆಯನ್ನು ಹೊರಗಿನಿಂದ ಅದುಮುವುದರಿಂದ, ಬಿಸಿಯೇರಿದಂತೆ ಅದು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ನಡುಕವನ್ನು ಕಳೆಯಲು ಬಂದ ಉಪಾಯವೇ ಬೇರೊಂದು ದೋಷವನ್ನು ತಂದೊಡ್ಡಿತು. ವಿದ್ಯುತ್ತಿನ ಗೇಜಿನಲ್ಲಿಯಾದರೋ ಪೆಟ್ರೋಲು ಬಾನೆಟ್ಟಿನ ಕೆಳಗಿರುವ ಸೆನ್ಸರಿನಲ್ಲಿಯೇ ನಿಲ್ಲುತ್ತದೆ, ಒಳಕ್ಕೆ ಬರುವುದು ಬರಿಯ ಸಂಕೇತ. ಆದರೆ ಆ ಸಂಕೇತಕ್ಕೂ ಮುಳ್ಳಿಗೂ ಮಧ್ಯೆ ತಂತಿಯ ಜೋಡಣೆ, ಅರ್ತಿಂಗು, ತಯಾರಕನ ಲೆಕ್ಕ ಇವೆಲ್ಲವನ್ನೂ ನಂಬಬೇಕು. ಡಯಲಿನ ವ್ಯಾಪ್ತಿಯ ಮಾತೂ ಇದೆ. ಗೇಜಿನ ತಪ್ಪನ್ನು ಸಾಮಾನ್ಯವಾಗಿ ಪೂರ್ಣ ಅಳತೆಯ ಶೇಕಡಾಂಶವಾಗಿ ಹೇಳುತ್ತಾರೆ. ಶೇಕಡಾ 2ರ ತಪ್ಪೆಂದರೆ 7 ಬಾರಿನ ಡಯಲಿನಲ್ಲಿ 0.14 ಬಾರ್, 20 ಬಾರಿನ ಡಯಲಿನಲ್ಲಿ 0.4 ಬಾರ್. ಮೇಲೆ ಹೇಳಿದ ಅಪಾಯವೆಲ್ಲ 0.6 ಬಾರಿನಲ್ಲಿ ಅಡಗಿತ್ತೆಂಬುದನ್ನು ನೆನೆದರೆ, ದೊಡ್ಡ ಅಂಕಿಗಳ ಡಯಲಿನ ಮೋಹ ತಾನಾಗಿ ಇಳಿಯುತ್ತದೆ.

ಹೀಗೆ ಪ್ರತಿಯೊಂದು ಗೇಜಿಗೂ ಒಂದಲ್ಲ ಒಂದು ದೋಷದ ಸಂಭವವಿರುವಾಗ, ಒಂದನ್ನು ಪರೀಕ್ಷಿಸಲು ಇನ್ನೊಂದು, ಆ ಇನ್ನೊಂದನ್ನು ಪರೀಕ್ಷಿಸಲು ಮತ್ತೊಂದು ಬೇಕಾಗಿ, ತಾರ್ಕಿಕರು ಅನವಸ್ಥೆಯೆಂದು ಕರೆದ ಕೊನೆಯಿಲ್ಲದ ಸಾಲು ಹುಟ್ಟುತ್ತದೆ. ಜ್ಞಾನದ ಪ್ರಾಮಾಣ್ಯವು ಹೊರಗಿನಿಂದ, ಅಂದರೆ ಅದನ್ನು ನಂಬಿ ಮಾಡಿದ ಪ್ರವೃತ್ತಿ ಫಲಿಸುವುದರಿಂದ ನಿಶ್ಚಯವಾಗುತ್ತದೆಂದು ನೈಯಾಯಿಕರು ಹೇಳಿದರು: ದೂರದಲ್ಲಿ ಕಂಡದ್ದು ನೀರೆಂಬುದು ಕುಡಿದಾಗ ದೃಢವಾಗುತ್ತದೆ. ನೀರಿನ ಮಟ್ಟಿಗೆ ಈ ಮಾತು ಸರಿಯೇ; ಆದರೆ ಗೇಜನ್ನು ನಂಬಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಪಿಸ್ಟನ್ನು ಉಳಿಯಿತೋ ಕರಗಿತೋ ಎಂಬುದರಿಂದ ಗೇಜಿನ ಸತ್ಯವನ್ನು ನಿರ್ಣಯಿಸುವುದು ಬಹಳ ದುಬಾರಿಯ ತರ್ಕ. ಇದಕ್ಕೆ ನೈಯಾಯಿಕರಲ್ಲಿ ಸಮಾಧಾನವಿಲ್ಲದಿಲ್ಲ: ಹಿಂದೆ ಫಲಿಸಿದ ಜ್ಞಾನದ ಜಾತಿಗೆ ಸೇರಿದ್ದೆಂಬುದರಿಂದಲೇ ಹೊಸದನ್ನು ಪ್ರಮಾಣವೆಂದು ಊಹಿಸಬಹುದೆಂದು ಅವರು ಹೇಳುತ್ತಾರೆ. ಹೆಸರಾಂತ ತಯಾರಕನ ಗೇಜನ್ನು ಹೆಚ್ಚು ಬೆಲೆ ತೆತ್ತು ಕೊಳ್ಳುವವನು, ತನಗೆ ತಿಳಿಯದೆಯೇ, ಈ ಮತದ ಅನುಯಾಯಿ. ಮೀಮಾಂಸಕರ ದಾರಿ ಇದಕ್ಕೆ ತಿರುವುಮುರುವು: ಜ್ಞಾನವು ಹುಟ್ಟುವಾಗಲೇ ಪ್ರಮಾಣ, ಅದನ್ನು ಬಾಧಿಸುವ ಮತ್ತೊಂದು ಜ್ಞಾನವೋ, ಕಾರಣದಲ್ಲಿ ದೋಷವೋ ಕಂಡುಬಂದಾಗ ಮಾತ್ರ ಶಂಕಿಸತಕ್ಕದ್ದು. ದಿನನಿತ್ಯ ಗಾಡಿಯೋಡಿಸುವವರೆಲ್ಲ ಬದುಕುವುದು ಹೀಗೆಯೇ.

ಈ ವಾದದಲ್ಲಿ ನನಗೆ ಹೆಚ್ಚು ಹಿಡಿಸುವುದು ಹದಿಮೂರನೆಯ ಶತಮಾನದಲ್ಲಿ ನಮ್ಮ ಉಡುಪಿಯಿಂದ ಹೊರಟ ಮಾತು. ಮಧ್ವಾಚಾರ್ಯರ ಮತದಲ್ಲಿ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮನ ಸ್ವರೂಪವೇ ಆದ ಇಂದ್ರಿಯ. ಸುಖದುಃಖಗಳನ್ನು ತಿಳಿಯುವಾಗ ಅದು ತಪ್ಪುವುದಿಲ್ಲವಾದ್ದರಿಂದ ಅನವಸ್ಥೆ ಅಲ್ಲಿಗೆ ನಿಲ್ಲುತ್ತದೆ. ಹಾಗೆಂದು ಪರೀಕ್ಷೆ ಬೇಡವೆಂದಲ್ಲ. ಸಂಶಯವೆಂಬ ಅಡ್ಡಿ ಎದುರಿಗಿರುವಾಗ ಅದನ್ನು ಕಳೆಯಲು ಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷೆಯ ಕೆಲಸ ಅಡ್ಡಿಯನ್ನು ತೆಗೆಯುವುದು, ನಿಶ್ಚಯವನ್ನು ಕೊಡುವುದಲ್ಲ. ವಿಜಯನಗರದ ಕಾಲದ ವ್ಯಾಸತೀರ್ಥರು ತರ್ಕತಾಂಡವವೆಂಬ ಗ್ರಂಥದಲ್ಲಿ ನವ್ಯನ್ಯಾಯವನ್ನು ಎದುರಿಸಿ ಈ ಪಕ್ಷವನ್ನು ಎತ್ತಿಹಿಡಿದರು. ಇದರಲ್ಲಿ ನನಗೆ ಮುಖ್ಯವಾಗಿ ತೋರುವುದು ಇಷ್ಟು: ಯಂತ್ರಗಳ ಸಾಲನ್ನು ಎಷ್ಟು ಉದ್ದವಾಗಿಸಿದರೂ ಅದರ ತುದಿಯಲ್ಲಿ ನಂಬುವವನೊಬ್ಬನು ಇರಲೇಬೇಕು, ಮತ್ತು ಅವನ ಸ್ಥಾನವನ್ನು ಯಾವ ಗೇಜೂ ತುಂಬಲಾರದು. ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರನ್ನಿಟ್ಟು ಮಿಶ್ರಣವನ್ನು ಬೇರೆಯಾಗಿ ಅಳೆಯುವುದು ಒಳ್ಳೆಯ ಸಂವಾದವೇ, ಅಂದರೆ ಒಂದು ಅರಿವಿಗೆ ಇನ್ನೊಂದರ ಬೆಂಬಲವೇ. ಆದರೂ ಅದು ಉರಿದು ಮುಗಿದುದರ ಸುದ್ದಿಯನ್ನು ಹೇಳುತ್ತದೆ, ಉರಿಯಲಿರುವುದರ ಸುದ್ದಿಯನ್ನಲ್ಲ. ಮಾಧ್ವರು ಪ್ರತ್ಯಕ್ಷಕ್ಕೆ ವಿಷಯ, ಇಂದ್ರಿಯ, ಅವುಗಳ ಸಂಬಂಧ ಮೂರೂ ನಿರ್ದುಷ್ಟವಾಗಿರಬೇಕೆಂದುದನ್ನೂ ಇಲ್ಲಿ ನೆನೆಯಬೇಕು. ಗೇಜು ನಿರ್ದುಷ್ಟವಾಗಿದ್ದು ಓಡಿಸುವವನ ಕಣ್ಣು ರಸ್ತೆಯ ಮೇಲಿದ್ದರೆ ಜ್ಞಾನವೆಲ್ಲಿಯದು? ಕಣ್ಣು ರಸ್ತೆಯ ಮೇಲೆಯೇ ಇರತಕ್ಕದ್ದು. ಆದುದರಿಂದ ಒತ್ತಡ ಬಿದ್ದಾಗ ತಾನಾಗಿ ಉರಿಯುವ ಎಚ್ಚರಿಕೆಯ ದೀಪಕ್ಕೆ, ಅಂದವಾದ ಡಯಲಿಗಿಂತ, ಹೆಚ್ಚಿನ ಬೆಲೆ ಕಟ್ಟುವುದು ವಿಹಿತ.

ಕೊಳ್ಳಹೊರಟವನಿಗೆ ನನ್ನ ತೀರ್ಪನ್ನು ಹೇಳಿಬಿಡುತ್ತೇನೆ. ಬೂಸ್ಟ್ 2 ಬಾರನ್ನು ಮೀರದಿದ್ದರೆ 7 ಬಾರಿನ ಡಯಲು ಸಾಕು. ಸೆನ್ಸರಿನಿಂದ ನಡೆಯುವ, ಎಚ್ಚರಿಕೆಯ ದೀಪವುಳ್ಳ ವಿದ್ಯುತ್ತಿನ ಗೇಜನ್ನು ಬೂಸ್ಟ್ ಗೇಜಿನ ಪಕ್ಕದಲ್ಲಿಯೇ ಕೂರಿಸಿರಿ. ಕೂರಿಸಿದ ದಿನ, ಎಂಜಿನ್ನು ತಣ್ಣಗಿರುವಾಗ, ಒಳ್ಳೆಯ ಯಾಂತ್ರಿಕ ಗೇಜೊಂದನ್ನು ಬಾನೆಟ್ಟಿನ ಕೆಳಗೆ ಜೋಡಿಸಿ ಎರಡೂ ಒಂದನ್ನೇ ಹೇಳುತ್ತವೆಯೇ ನೋಡಿರಿ, ಹೇಳಿದರೆ ಶಂಕೆಯನ್ನು ಅಲ್ಲಿಗೆ ಬಿಡಿರಿ. ಮುಂದೆಂದಾದರೂ ಬೂಸ್ಟ್ ಏರುತ್ತಿರುವಾಗ ಇಂಧನದ ಮುಳ್ಳು ಜೊತೆಗೂಡದೆ ಹಿಂದುಳಿದರೆ, ಕೆಟ್ಟದ್ದು ಗೇಜೋ ಪಂಪೋ ಎಂಬ ವಿಚಾರಕ್ಕೆ ತೊಡಗದೆ ಮೊದಲು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ವಿಚಾರವನ್ನು ಗಾಡಿ ನಿಲ್ಲಿಸಿದ ಮೇಲೆ ಮಾಡಬಹುದು.