ಮಕ್ಕಳಿಗೆ ನಿಸರ್ಗಪಾಠ, ಹಿರಿಯರಿಗೆ ಹೊಣೆ

ಬೇಸಿಗೆ ರಜೆ ಬಂದೊಡನೆ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ಹಾಡು, ಯೋಗ, ಚಿತ್ರಕಲೆಗಳ ಜೊತೆಗೆ ನಿಸರ್ಗಪಾಠವೂ ಈಗ ಸೇರಿಕೊಂಡಿದೆ. ಬಿಸಿಲೇರುವ ಮುನ್ನ ಮಕ್ಕಳನ್ನು ಹೊಲ, ಹಳ್ಳ, ಬೀಳು ನೆಲಗಳಿಗೆ ಕರೆದೊಯ್ದು ಗಿಡ, ಹಕ್ಕಿ, ಹುಳುಗಳನ್ನು ಪರಿಚಯಿಸುವ ಕೆಲಸವಿದು. ಅದನ್ನು ಕಂಡು ನಮ್ಮ ರೈತಬಂಧುಗಳು ನಗುತ್ತ ಕೇಳುವುದುಂಟು: "ಹೊಲದಾಗ ಹುಟ್ಟಿ ಬೆಳೆದ ಹುಡುಗರಿಗೆ ಹೊಲ ತೋರಸೂದು ಏನೈತ್ರಿ?"

ಈ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಅಕ್ಕಲಕೋಟೆ, ಜತ್ತ ಕಡೆಯ ಒಕ್ಕಲು ಮಕ್ಕಳಿಗೆ ಜೋಳ ತೆನೆ ಕಟ್ಟುವ ಕಾಲ ಗೊತ್ತು, ಎರೆಮಣ್ಣು ಬಿರಿಯುವ ಬಗೆ ಗೊತ್ತು. ಸೊಲ್ಲಾಪುರದ ಪೇಟೆಯಲ್ಲಿ ಬೆಳೆದ ವ್ಯಾಪಾರಿಗಳ ಮಕ್ಕಳಿಗೆ ಇವೆಲ್ಲ ಹೊಸವು. ಆದರೆ ಇಬ್ಬರೂ ಕಲಿಯಬೇಕಾದ ಪಾಠವೊಂದು ಉಳಿದಿದೆ. ರೈತರಾದ ನಾವು ನೆಲವನ್ನು ಬೆಳೆಯ ಕಣ್ಣಿನಿಂದ ನೋಡುತ್ತೇವೆ. ವ್ಯಾಪಾರಿಗಳಾದ ನಾವು ಧಾರಣೆಯ ಕಣ್ಣಿನಿಂದ ನೋಡುತ್ತೇವೆ. ನಮಗೆ ಬೇಕಾದದ್ದು, ಬೇಡವಾದದ್ದು ಎಂಬ ಎರಡೇ ಪಾಲು. ನಮ್ಮ ಬೇಕುಬೇಡಗಳ ಆಚೆಗೂ ತನ್ನ ಪಾಡಿಗೆ ಬದುಕುವ ಜೀವವಿದೆ ಎಂಬುದನ್ನು ಕಾಣುವ ಕಣ್ಣು ಬೇರೆ. ಅದನ್ನು ತೆರೆಸುವುದೇ ನಿಸರ್ಗಪಾಠ.

ಟಿಟ್ಟಿಭ ಹಕ್ಕಿಯನ್ನೇ ನೋಡೋಣ. ನಮ್ಮ ಮರಾಠಿ ನೆರೆಯವರು ಅದನ್ನು ಟಿಟವಿ ಎನ್ನುತ್ತಾರೆ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲಿನಲ್ಲಿ, ಹರಳುಗಳ ನಡುವೆ ನೆಲವನ್ನು ತುಸು ಕೆದರಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಚುಕ್ಕೆ ಮೊಟ್ಟೆಗಳು. ಕಾಲ ಬುಡದಲ್ಲಿದ್ದರೂ ಕಾಣವು. ಗಂಡು ಹೆಣ್ಣುಗಳೆರಡೂ ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮೊಟ್ಟೆಗೆ ಬೇಕಾದದ್ದು ಕಾವಲ್ಲ, ನೆರಳು. ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತಂಪಿನೊಡನೆ ಮೊಟ್ಟೆಗಳ ಮೇಲೆ ಕೂಡುತ್ತದೆ.

ಇದನ್ನು ಕಂಡ ಮಗು ಹಿಗ್ಗುತ್ತದೆ. ಮೊಟ್ಟೆಯನ್ನು ಕೈಗೆತ್ತಿಕೊಂಡು ಅವ್ವನಿಗೆ ತೋರಿಸಬೇಕೆನ್ನುತ್ತದೆ. ಕಲಿಸುವವರ ಪರೀಕ್ಷೆ ಆಗುವುದು ಇಲ್ಲಿಯೇ. "ಮುಟ್ಟಬೇಡ" ಎಂದರೆ ಸಾಲದು. ನಾವು ಹತ್ತಿರ ನಿಂತಷ್ಟು ಹೊತ್ತೂ ಹಕ್ಕಿ ಕೂಗುತ್ತ ತಲೆಯ ಮೇಲೆ ಸುತ್ತುತ್ತದೆ, ಗೂಡಿಗೆ ಬರುವುದಿಲ್ಲ. ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ ಸುಡುತ್ತಿರುತ್ತದೆ. ಕೈಯಿಂದ ಮುಟ್ಟದೆ ಬರೀ ನೋಡುತ್ತ ನಿಂತರೂ ಒಂದು ಜೀವಕ್ಕೆ ಕೇಡಾಗಬಹುದು. ಆದ್ದರಿಂದ ಒಮ್ಮೆ ನೋಡಿ, ಹಿಂದೆ ಸರಿದು, ದೂರದ ಬೇವಿನ ನೆರಳಿನಲ್ಲಿ ಸದ್ದಿಲ್ಲದೆ ಕೂಡಬೇಕು. ಹಕ್ಕಿ ಮರಳಿ ಮೊಟ್ಟೆಗಳ ಮೇಲೆ ಕುಳಿತಾಗ ಪಾಠ ಪೂರ್ಣವಾಗುತ್ತದೆ. ಅಲ್ಲಿ ಶಿಕ್ಷಕರ ಮಾತು ಕಡಿಮೆ, ನಡತೆಯೇ ಹೆಚ್ಚು. ತಾನೇ ಗೂಡಿನ ಬಳಿ ಬಗ್ಗಿ ನಿಲ್ಲುವವರು ದಯೆಯ ಮೇಲೆ ತಾಸುಗಟ್ಟಲೆ ಮಾತನಾಡಿದರೂ ವ್ಯರ್ಥ.

ಈ ಪಾಠ ಶಿಬಿರದಲ್ಲಿಯೇ ಮುಗಿಯುವುದಿಲ್ಲ. ಮಗು ಮನೆಗೆ ಬರುತ್ತದೆ. ರೋಹಿಣಿ ಮಳೆ ಹತ್ತಿರವಾಗಿರುತ್ತದೆ, ಮಿರಗಕ್ಕೆ ಮುಂಚೆ ಹೊಲ ಹದವಾಗಬೇಕು, ಬಾಡಿಗೆಯ ಟ್ರ್ಯಾಕ್ಟರ್ ಗಂಟೆಯ ಲೆಕ್ಕದಲ್ಲಿ ನಿಂತಿರುತ್ತದೆ. ಆಗ ಮಗು, "ಅಪ್ಪಾ, ಅಲ್ಲಿ ಟಿಟ್ಟಿಭದ ಮೊಟ್ಟೆ ಅದಾವ, ಅಷ್ಟು ಬಿಟ್ಟು ಹರಗಸು" ಎಂದರೆ ನಮ್ಮ ಉತ್ತರವೇನು? ಬಿಡಬೇಕಾದದ್ದು ಎರಡು ಮಾರು ನೆಲ. ಅದೂ ಮರಿಯಾಗುವ ತನಕ ಮಾತ್ರ. ಮೊಟ್ಟೆಯೊಡೆದ ಮರಿಗಳು ಬೇಗನೆ ನಡೆದು ಹೋಗುತ್ತವೆ. "ಸುಮ್ಮನಿರು" ಎಂದು ಗದರಿಸಿದರೆ, ದಯೆ ಶಿಬಿರಕ್ಕೆ, ಲೆಕ್ಕ ಮನೆಗೆ ಎಂಬ ಬೇರೊಂದು ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಮಕ್ಕಳು ಈ ಎರಡನೆಯ ಪಾಠವನ್ನು ಬಹಳ ಬೇಗ ಕಲಿಯುತ್ತಾರೆ.

ಟಿಟ್ಟಿಭ ಹುಳು, ಜೀರುಂಡೆಗಳನ್ನು ತಿನ್ನುತ್ತದೆ, ಅದರಿಂದ ರೈತನಿಗೆ ಲಾಭವಿದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಲಾಭಕ್ಕಾಗಿಯೇ ಉಳಿಸುವುದಾದರೆ, ಲಾಭ ತಾರದ ಜೀವದ ಗತಿಯೇನು? ವ್ಯಾಪಾರಿಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರೋ ನಂಬಿ ಅಂಗಡಿಯಲ್ಲಿಟ್ಟು ಹೋದ ಗಂಟನ್ನು ನಾವು ಬಿಚ್ಚುವುದಿಲ್ಲ, ತೂಗುವುದಿಲ್ಲ. ಅದರಿಂದ ನಮಗೆ ಲಾಭವಿದೆಯೆಂದಲ್ಲ, ಅದು ನಮ್ಮದಲ್ಲವೆಂದು. ನಮ್ಮ ಹೊಲದಲ್ಲಿರುವ ಗೂಡೂ ಅಂಥದೇ.

ಹೀಗೆ ಬಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಸೊಲ್ಲಾಪುರದ ಹತ್ತಿರದಲ್ಲಿಯೇ ಇದೆ. ಎರೆಭೂತ ಅಥವಾ ಮಾಳಢೋಕ ಎಂಬ ಭಾರಿ ಹಕ್ಕಿಗಾಗಿ 1979ರಲ್ಲಿ ನಾನ್ನಜದ ಕಡೆ ಅಭಯಾರಣ್ಯ ಘೋಷಣೆಯಾಯಿತು. ಅದು ಬಯಲು ಹುಲ್ಲುಗಾವಲಿನ ಹಕ್ಕಿ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬೇಟೆ ಅದನ್ನು ಕೊಂದಿತು, ಹುಲ್ಲುಗಾವಲಿನ ನಾಶ ಉಳಿದದ್ದನ್ನು ಅಟ್ಟಿತು, ವಿದ್ಯುತ್ ತಂತಿಗಳೂ ಬಲಿ ತೆಗೆದುಕೊಂಡವು. ಇಂದು ದೇಶದ ಕಾಡುಬಯಲುಗಳಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ನಾನ್ನಜದಲ್ಲಿ ಅದು ಕಾಣುವುದೇ ಅಪರೂಪ. ಶಿಬಿರದ ಮಕ್ಕಳಿಗೆ ಅದನ್ನು ಚಿತ್ರದಲ್ಲಿ ತೋರಿಸಬೇಕಾಗಿದೆ.

ಟಿಟ್ಟಿಭ ಇನ್ನೂ ನಮ್ಮ ಹೊಲಗಳಲ್ಲಿ ಕೂಗುತ್ತಿದೆ. ಸದ್ಭಕ್ತರೆಲ್ಲರೂ ಈ ರಜೆಯಲ್ಲಿ ಮಕ್ಕಳನ್ನು ಅಗತ್ಯವಾಗಿ ಶಿಬಿರಕ್ಕೆ ಕಳುಹಿಸಬೇಕು; ತಲೆಗೆ ಟೊಪ್ಪಿಗೆ, ಕೈಗೆ ನೀರಿನ ಬಾಟಲಿ ಕೊಟ್ಟು ಕಳುಹಿಸಬೇಕು. ಜೊತೆಗೆ, ಅವರು ತಿರುಗಿ ಬಂದು ಕೇಳುವ ಎರಡು ಮಾರು ನೆಲವನ್ನು ಬಿಟ್ಟುಕೊಡಲು ನಾವು ಈಗಲೇ ಮನಸ್ಸು ಮಾಡಿಟ್ಟುಕೊಳ್ಳಬೇಕು.