ಉಜ್ಜಿದರೆ ಬರುವ ತಿಳಿ

ಮಡಚುವ ಚಾವಣಿಯ ಹಳೆಯ ಕಾರುಗಳಲ್ಲಿ ಹಿಂಬದಿ ಕಿಟಕಿ ಹಲವೊಮ್ಮೆ ಮೆದುವಾದ ಪಿವಿಸಿ ಹಾಳೆಯದು; 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಇದಕ್ಕೆ ಉದಾಹರಣೆ. ದೂಳು, ಒಣಬಟ್ಟೆಯ ಒರೆತಗಳಿಂದ ಮೇಲ್ಮೈಯಲ್ಲಿ ಸಣ್ಣ ಗೀರುಗಳೆದ್ದು ಬೆಳಕು ಚದರುತ್ತದೆ, ನೋಟ ಮಬ್ಬಾಗುತ್ತದೆ. ಸೋಪುನೀರಿನಿಂದ ತೊಳೆದು, ಪ್ಲಾಸ್ಟಿಕ್ ಪಾಲಿಶ್ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಗೀರುಗಳು ಸವೆದು ಹಾಳೆ ತಿಳಿಯಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಒಳಗೇ ಹಳದಿಗಟ್ಟಿದ್ದರೆ ಉಜ್ಜಿ ಫಲವಿಲ್ಲ.

ಈ ಉಜ್ಜುವಿಕೆಯಲ್ಲೊಂದು ತಾತ್ವಿಕ ಪ್ರಶ್ನೆಯಿದೆ: ಆತ್ಮಸಾಧನೆ ಶುದ್ಧಿಯನ್ನು ಹೊಸದಾಗಿ ಉಂಟುಮಾಡುತ್ತದೆಯೋ, ಇದ್ದುದನ್ನೇ ತೋರಿಸುತ್ತದೆಯೋ?

ಜೈನ ದರ್ಶನದಲ್ಲಿ ಅನಂತಜ್ಞಾನ ಜೀವದ ಸ್ವಭಾವ. ಜ್ಞಾನಾವರಣೀಯ ಕರ್ಮ ಅದನ್ನು ನಿಜವಾಗಿಯೇ ಮುಚ್ಚುತ್ತದೆ. ತಪಸ್ಸಿನಿಂದ ಆ ಕರ್ಮ ಉದುರುವುದೇ ನಿರ್ಜರೆ.

ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಅದ್ವೈತಿ ಶಂಕರರು ಉಜ್ಜಿದ ಕನ್ನಡಿಯ ದೃಷ್ಟಾಂತವನ್ನೇ ಎತ್ತಿಕೊಂಡು ನಿರಾಕರಿಸುತ್ತಾರೆ. ಆತ್ಮ ಕ್ರಿಯೆಗೆ ಆಶ್ರಯವಲ್ಲ. ಆದ್ದರಿಂದ ಅದಕ್ಕೆ ಸಂಸ್ಕಾರ, ಅಂದರೆ ಕ್ರಿಯೆಯಿಂದಾಗುವ ಶುದ್ಧಿ, ಸಲ್ಲದು. ಕರ್ಮಾಚರಣೆ ಶುದ್ಧಗೊಳಿಸುವುದು ಚಿತ್ತವನ್ನು, ಮೋಕ್ಷ ಜ್ಞಾನದಿಂದಲೇ.

ಜೈನರಿಗೆ ಆವರಣ ವಾಸ್ತವ, ಅದ್ವೈತಿಗೆ ಅವಿದ್ಯೆಯದು. ಆದರೂ ಅರಿವು ಹೊರಗಿನಿಂದ ತಂದು ತುಂಬುವ ವಸ್ತುವಲ್ಲ ಎಂಬಲ್ಲಿ ಎರಡೂ ಮತಗಳು ಒಂದಾಗುತ್ತವೆ.